ಮಾರದೆ ಇಟ್ಟ ಹತ್ತಿ

2022ರ ಬೇಸಿಗೆಯಲ್ಲಿ ನಮ್ಮ ಕಡೆಯ ಹತ್ತಿ ಬೆಳೆಗಾರರ ತಲೆಯೊಳಗೆ ಒಂದು ಅಂಕಿ ಹೊಕ್ಕಿತು. ಕ್ವಿಂಟಲಿಗೆ 12 ಸಾವಿರ. ಐದು, ಐದೂವರೆ ಸಾವಿರ ಸಿಕ್ಕರೆ ಈ ವರ್ಷ ಪರವಾಗಿಲ್ಲ ಎಂದುಕೊಂಡು ಬಂದ ಜನ ನಾವು. ಆ ಹಂಗಾಮಿಗೆ ಸರಕಾರದ ಬೆಂಬಲ ಬೆಲೆಯೇ ಉದ್ದ ಎಳೆಯ ಹತ್ತಿಗೆ 6,025 ರೂಪಾಯಿ ಇತ್ತು. ಅಂಥದ್ದರಲ್ಲಿ ಜನವರಿಗೆ ಹತ್ತು ಸಾವಿರ ದಾಟಿತು. ಯುಗಾದಿ ಕಳೆದ ಮೇಲೆ 12 ಸಾವಿರದ ಆಸುಪಾಸಿಗೆ ಬಂತು. ರಾಯಚೂರಿನ ಗಂಜ್ ಮಾರುಕಟ್ಟೆಗೆ ಮಾಲು ಒಯ್ದವರು ಸಂಜೆ ಊರಿಗೆ ಬಂದು ಚಹಾದಂಗಡಿ ಮುಂದೆ ನಿಂತು ಪಟ್ಟಿ ತೆಗೆದು ತೋರಿಸುತ್ತಿದ್ದರು.

ಆ ಗುಂಪಿನಲ್ಲಿ ನಾನಿರಲಿಲ್ಲ. 2021ರ ದೀಪಾವಳಿ ಮುಗಿದ ಸ್ವಲ್ಪ ದಿನಕ್ಕೇ ಏಳೂವರೆ ಸಾವಿರಕ್ಕೆ ಇದ್ದ ಹತ್ತಿಯನ್ನೆಲ್ಲ ಮಾರಿಬಿಟ್ಟಿದ್ದೆ. ಮಾರಿದ ದಿನ ಖುಷಿಯೇ ಆಗಿತ್ತು. ಸಾಲ ಮುಟ್ಟಿಸಿದೆ, ಅವ್ವನ ಕಣ್ಣಿನ ಆಪರೇಶನ್ ಮಾಡಿಸಿದೆ, ಮನೆಗೆ ಒಂದಿಷ್ಟು ಉಳಿದಿತ್ತು. ನಾಲ್ಕು ತಿಂಗಳು ಕಳೆದು ಪಕ್ಕದ ಹೊಲದವನ ಪಟ್ಟಿ ನೋಡಿದ ಮೇಲೆ, ಕೈಗೆ ಬಂದು ಒಳ್ಳೆಯ ಕೆಲಸಕ್ಕೆ ಖರ್ಚಾದ ದುಡ್ಡೇ ಕಳೆದುಹೋದ ದುಡ್ಡಿನಂತೆ ಕಾಣತೊಡಗಿತು. ನನ್ನಿಂದ ಯಾರೂ ಒಂದು ರೂಪಾಯಿ ಕಸಿದಿರಲಿಲ್ಲ. ಆದರೂ ರಾತ್ರಿ ಮಲಗಿ ಅಷ್ಟು ಕ್ವಿಂಟಲಿಗೆ ಇಷ್ಟು ಅಂತ ಗುಣಿಸುತ್ತಿದ್ದೆ. ಆ ಗುಣಾಕಾರದಿಂದ ಬಂದ ಮೊತ್ತ ನನ್ನದೇ ಆಗಿತ್ತು, ಅವಸರ ಮಾಡಿ ಬಿಟ್ಟುಕೊಟ್ಟೆ ಎಂದು ನಂಬಿಬಿಟ್ಟೆ. ಮುಂದೆ ಆದದ್ದೆಲ್ಲ ಅಲ್ಲಿಂದಲೇ ಸುರು.

ನಮ್ಮದು ದೇವದುರ್ಗ ತಾಲೂಕಿನ ಮಸರಕಲ್. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇದ್ದರೂ ಮುಗಿಲು ನೋಡಿಕೊಂಡೇ ಬಿತ್ತುವ ಹೊಲಗಳು ಈ ದೋಆಬಿನಲ್ಲಿ ಬೇಕಾದಷ್ಟಿವೆ. ನಾರಾಯಣಪುರ ಬಲದಂಡೆ ಕಾಲುವೆ ನಮ್ಮ ತಾಲೂಕಿಗೆ ನೀರು ತಂದಿದೆ, ನಿಜ. ಆದರೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಎಷ್ಟು ದಿನ ಬಿಡುತ್ತಾರೆ ಎಂಬುದು ದೂರದ ಅಣೆಕಟ್ಟಿನ ಮಟ್ಟದ ಮೇಲೆ ನಿಂತ ಮಾತು. ಮಳೆ, ನೀರು, ಗುಲಾಬಿ ಕಾಯಿಕೊರಕ, ಕೂಲಿ ಆಳು, ದರ ಇವುಗಳಲ್ಲಿ ಒಂದೂ ನಮ್ಮ ಕೈಯಲ್ಲಿ ಇಲ್ಲವೆಂದು ಗೊತ್ತಿದ್ದೇ ಜೂನ್ ಬಂದರೆ ಬಿತ್ತುತ್ತೇವೆ. ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದ ನಾನು ದರವೊಂದನ್ನು ಮಾತ್ರ ನನ್ನ ಮುಷ್ಟಿಯಲ್ಲಿ ಹಿಡಿಯಬಲ್ಲೆ ಎಂದು ಆ ವರ್ಷ ತಿಳಿದೆ. ಮಾರದೆ ಇಟ್ಟುಕೊಂಡರೆ ಸಾಕು, ದರ ತಾನಾಗಿ ನನ್ನ ಅಂಕಿಗೆ ಬರುತ್ತದೆ ಎಂಬುದು ನನ್ನ ಲೆಕ್ಕ.

2022ರ ಮುಂಗಾರಿಗೆ ಇದ್ದ ಹೊಲದ ಜೊತೆಗೆ ಇನ್ನೊಂದಿಷ್ಟು ಎರೆ ಹೊಲ ಲೀಜಿಗೆ ಹಿಡಿದೆ. ತೊಗರಿ ಹಾಕೋಣ ಎಂದ ತಮ್ಮನ ಮಾತು ತಳ್ಳಿಹಾಕಿ ಎಲ್ಲಾ ಕಡೆ ಹತ್ತಿಯನ್ನೇ ಊರಿಸಿದೆ. ಬೀಜ, ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ ಎಲ್ಲವೂ ಅಡತಿ ಅಂಗಡಿಯ ಸಾಲ. ಬೆಳೆ ಚೆನ್ನಾಗಿಯೇ ಬಂತು. ನವೆಂಬರಿನಲ್ಲಿ ಮೊದಲನೇ ಬಿಡಿಸಾಟ ಮುಗಿದಾಗ ದರ ಎಂಟೂವರೆ ಸಾವಿರದ ಮೇಲೆಯೇ ಇತ್ತು. ಹಿಂದಿನ ವರ್ಷ ನನಗೆ ಖುಷಿ ಕೊಟ್ಟ ದರಕ್ಕಿಂತ ಅದು ಸಾವಿರ ರೂಪಾಯಿ ಹೆಚ್ಚು. ಆದರೆ ನಾನು ಅದನ್ನು 12 ಸಾವಿರದಿಂದ ಕಳೆದು ನೋಡುತ್ತಿದ್ದೆ. ಹಾಗೆ ನೋಡಿದರೆ ಕ್ವಿಂಟಲಿಗೆ ಮೂರೂವರೆ ಸಾವಿರ ಲುಕ್ಸಾನು.

ಎಳ್ಳಮವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ತಮ್ಮ ಮಾತು ತೆಗೆದ. "ಅಣ್ಣ, ಎಲ್ಲಾ ಬ್ಯಾಡ, ಅರ್ಧ ಆದ್ರೂ ಮಾರೂನು. ಅಂಗಡಿ ಸಾಲ ಮುಟ್ಟಿಸಿ ಬಿಡೂನು. ಉಳಿದದ್ದು ನೀ ಎಷ್ಟು ದಿನ ಬೇಕಾದ್ರೂ ಇಟ್ಕೋ." ಅವನ ಮಗಳ ಕಾಲೇಜಿನ ಫೀಸು ಕಟ್ಟುವುದಿತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. "ಮಾರ್ಚ್ ಬರ್ಲಿ, ಸುಮ್ನಿರು. ಹೋದ ವರ್ಷದ ಹಂಗ ಮತ್ತ ಮೋಸ ಹೋಗೂದು ಬ್ಯಾಡ" ಅಂದೆ. ಸಜ್ಜೆ ರೊಟ್ಟಿ, ಭಜ್ಜಿ ಮುಂದಿಟ್ಟುಕೊಂಡು ಕೂತಿದ್ದ ಮಂದಿಯೆಲ್ಲ ಒಂದು ಗಳಿಗೆ ಸುಮ್ಮನಾದರು. ಮನೆಗೆ ದೊಡ್ಡವನು ನಾನು. ನನ್ನ ಮಾತೇ ನಡೆಯಿತು.

ಹತ್ತಿ ಮನೆಯೊಳಗೆ ಬಂತು. ಅಂಡಿಗೆ ತುಂಬಿ ಉಳಿದದ್ದನ್ನು ಪಡಸಾಲೆಯಲ್ಲಿ ಸುರುವಿದೆವು. ಗೋಡೆಗೆ ಆನಿಸಿ ಒಟ್ಟಿದ ರಾಶಿ ಕಿಟಕಿಯ ಎತ್ತರಕ್ಕೆ ಏರಿತು. ಮೊದಮೊದಲು ಅದನ್ನು ನೋಡುವುದೇ ಒಂದು ಸಂತೋಷ. ಬರುಬರುತ್ತಾ ಮನೆ ನಮ್ಮ ಕೈ ತಪ್ಪಿತು. ಕಿಡಿ ಬಿದ್ದೀತೆಂಬ ಭಯಕ್ಕೆ ಹೆಂಡತಿ ಒಲೆಯನ್ನು ಹಿತ್ತಲಿಗೆ ಒಯ್ದಳು. ದೇವರ ಮುಂದೆ ದೀಪ ಹಚ್ಚಿ ಕ್ಷಣ ಬಿಟ್ಟು ಆರಿಸಿಬಿಡುತ್ತಿದ್ದಳು. ಇಲಿಗಳು ಒಳಗೆ ಗೂಡು ಮಾಡಿದವು. ಫೆಬ್ರುವರಿ ಹೊತ್ತಿಗೆ ಹತ್ತಿಯೊಳಗಿನ ಸಣ್ಣ ಹುಳದಿಂದಲೋ ಧೂಳಿನಿಂದಲೋ ಮನೆಮಂದಿಗೆಲ್ಲ ತುರಿಕೆ ಸುರುವಾಯಿತು. ಪಡಸಾಲೆಯ ಮೂಲೆಯಲ್ಲೇ ಮಲಗುತ್ತಿದ್ದ ಅವ್ವನಿಗೆ ಎಲ್ಲರಿಗಿಂತ ಹೆಚ್ಚು. ಒಂದು ಮುಂಜಾನೆ ಅವಳು ಬಳೆ ಮೇಲಕ್ಕೆ ಸರಿಸಿ ಮುಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಮೊಣಕೈವರೆಗೆ ಕೆಂಪು ಗುಳ್ಳೆ, ಕೆರೆದು ಕೆರೆದು ತೊಗಲು ಕಿತ್ತಿತ್ತು. ನಾನು ನೋಡುತ್ತಿರುವುದು ಕಂಡು ಸೆರಗು ಎಳೆದುಕೊಂಡಳು. "ಮಾರೂತನ ಹೊರಗ ಕಟ್ಟಿ ಮ್ಯಾಲ ಮಲಗ್ತೀನಿ ಬಿಡಪ್ಪ, ಸೆಕಿನೂ ಐತಿ" ಅಂದಳು. ತನ್ನ ಮನೆಯ ಪಡಸಾಲೆಯನ್ನು ಹತ್ತಿಗೆ ಬಿಟ್ಟುಕೊಟ್ಟು ಅವ್ವ ಕಟ್ಟೆಗೆ ಹೋದಳು. ನಾನು ಬೇಡ ಎನ್ನಲಿಲ್ಲ.

ನಾನು ಆ ದಿನಗಳಲ್ಲಿ ಮೊಬೈಲಿನೊಳಗೆ ಇದ್ದೆ. ಎದ್ದ ಕೂಡಲೇ ದರ, ಉಂಡ ಮೇಲೆ ದರ, ಮಲಗುವ ಮುಂಚೆ ದರ. ಅದೋನಿಯಲ್ಲಿ ಎಷ್ಟು, ಗುಜರಾತಿನಲ್ಲಿ ಎಷ್ಟು, ಮುಂದಿನ ತಿಂಗಳು ಏನಾಗುತ್ತದೆ ಎಂದು ಹೇಳುವ ವಿಡಿಯೊಗಳು. ದರ ಏರುತ್ತದೆ ಎಂದವನು ನನಗೆ ಜಾಣನಾಗಿ ಕಾಣುತ್ತಿದ್ದ, ಇಳಿಯುತ್ತದೆ ಎಂದವನು ವ್ಯಾಪಾರಿಗಳ ಕಡೆಯವನಾಗಿ. ನಿಜ ಸಂಗತಿ ತಿಳಿಯುವುದು ಕಷ್ಟವೇನೂ ಇರಲಿಲ್ಲ. ನ್ಯೂಯಾರ್ಕಿನ ಪೇಟೆಯಲ್ಲಿ 2022ರ ಮೇ ತಿಂಗಳಲ್ಲಿ ಒಂದು ಪೌಂಡ್ ಅರಳೆಗೆ 150 ಸೆಂಟ್ ದಾಟಿದ್ದ ಬೆಲೆ ಅಕ್ಟೋಬರ್ ಕೊನೆಗೆ ಅದರ ಅರ್ಧಕ್ಕೆ ಬಿದ್ದಿತ್ತು. ಯುದ್ಧ, ಹಣದುಬ್ಬರ ಎಂದು ಪರದೇಶಗಳಲ್ಲಿ ಬಟ್ಟೆ ಕೊಳ್ಳುವವರು ಕಡಿಮೆಯಾಗಿದ್ದರು, ನಮ್ಮ ದೇಶದ ನೂಲಿನ ಗಿರಣಿಗಳೂ ಕೆಲಸ ಕಡಿಮೆ ಮಾಡಿದ್ದವು. ಹತ್ತಿ ಆಮದಿನ ಮೇಲಿದ್ದ ಶೇ 11ರ ಸುಂಕವನ್ನು ಕೇಂದ್ರ ಸರಕಾರ ಅದೇ ವರ್ಷ ಏಪ್ರಿಲಿನಲ್ಲಿ ಕೆಲವು ತಿಂಗಳ ಮಟ್ಟಿಗೆ ತೆಗೆದಿತ್ತು. ಅಂದರೆ ನನ್ನ ಹೊಲದಲ್ಲಿ ಮೊದಲ ಕಾಯಿ ಒಡೆಯುವ ಹೊತ್ತಿಗೆ ಆ 12 ಸಾವಿರವನ್ನು ಹುಟ್ಟಿಸಿದ್ದ ಕಾರಣಗಳೇ ಇಲ್ಲವಾಗಿದ್ದವು. ಇದೆಲ್ಲ ಪತ್ರಿಕೆಯಲ್ಲಿ ಬಂದಿತ್ತು. ನಾನು ಓದಿಯೂ ಇದ್ದೆ.

ನನ್ನನ್ನು ಇಂದಿಗೂ ತಲೆ ತಗ್ಗಿಸುವಂತೆ ಮಾಡುವುದು ದರ ಬಿದ್ದದ್ದಕ್ಕಿಂತ ಬೇರೊಂದು. ನಮ್ಮ ಹೊಲದಲ್ಲಿ ಹತ್ತಿ ಬಿಡಿಸಿದ ಹೆಣ್ಣಾಳುಗಳಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಮೊದಲ ಬಿಡಿಸಾಟದ್ದು ಕೊಟ್ಟಿದ್ದೆ. ಎರಡನೆಯದು ಹತ್ತಿ ಮಾರಿದ ಮೇಲೆ ಎಂದು ತಡೆದಿದ್ದೆ. ಮಾರ್ಚಿನಲ್ಲಿ ಒಂದು ಸಂಜೆ ಅವರಲ್ಲಿ ಎಲ್ಲರಿಗಿಂತ ಹಿರಿಯಾಕೆ ಬಂದಳು. ಹೊಸ್ತಿಲ ಆಚೆಯೇ ನಿಂತಳು. ಒಣಗಿದ ಹತ್ತಿಕಾಯಿಯ ತುದಿ ಸೂಜಿಯಷ್ಟು ಚೂಪು. ದಿನವಿಡೀ ಬಿಡಿಸಿದವರ ಬೆರಳ ತುದಿಗಳಲ್ಲಿ ಉಗುರಿನ ಬುಡಕ್ಕೆ ಗೀರುಗಳಾಗಿ ಕಪ್ಪು ಕೂತಿರುತ್ತದೆ. ಬಾಗಿಲ ಚೌಕಟ್ಟು ಹಿಡಿದ ಅವಳ ಬೆರಳುಗಳಲ್ಲಿ ಅವು ಇನ್ನೂ ಇದ್ದವು. ನನ್ನ ಹೆಗಲ ಮೇಲಿಂದ ಅವಳಿಗೆ ಪಡಸಾಲೆಯ ರಾಶಿ ಪೂರ್ತಿ ಕಾಣುತ್ತಿತ್ತು.

"ಇನ್ನಾ ಮಾರಿಲ್ಲೇನಪ್ಪ?" ಅಂದಳು. ಇಲ್ಲ ಎಂದೆ. "ಆತು ಬಿಡು, ಮಾರಿದಮ್ಯಾಲ ಕೊಡುವಂತಿ. ಮಮ್ಮಗಳು ಬಾಣಂತಿ ಅದಾಳ, ಅದಕ ಬಂದಿದ್ನಿ. ಎರಡು ನೂರು ಇದ್ರ ಕೊಡು." ಅವಳಿಗೆ ನಾನು ಕೊಡಬೇಕಿದ್ದದ್ದು ಅದರ ಎಷ್ಟೋ ಪಟ್ಟು. ಎರಡು ನೂರನ್ನೇ ಬೇಡಿ ಪಡೆಯುವವಳ ಹಾಗೆ ಅವಳು ಕೇಳಿದಳು. ಜೇಬಿನಲ್ಲಿದ್ದ ಐದು ನೂರು ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಹೋದಳು. ಒಂದು ಕಾಯಿ ಬಿಡದೆ ತನ್ನ ಕೈಯಿಂದ ಬಿಡಿಸಿ ತಂದ ಹತ್ತಿಯ ಮುಂದೆ ನಿಂತು ಅವಳು ನನಗೆ ಕೈಮುಗಿದು ಹೋದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೂ ಮರುದಿನ ಹತ್ತಿ ಮಾರಲಿಲ್ಲ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ, ಆದರೆ ನಡೆದದ್ದು ಹೀಗೆಯೇ.

ಮುಂಗಾರಿನ ಮೋಡ ಕಟ್ಟತೊಡಗಿದ ಮೇಲೆ, 2023ರ ಜೂನಿನಲ್ಲಿ, ಇನ್ನು ಇಡಲು ಬರುವುದಿಲ್ಲ ಎಂದಾಗ ಟೆಂಪೊ ಮಾಡಿಕೊಂಡು ರಾಯಚೂರಿಗೆ ಒಯ್ದೆವು. ಖರೀದಿದಾರ ಮೇಲಿನ ಹತ್ತಿಯನ್ನು ಮುಟ್ಟಿಯೂ ನೋಡಲಿಲ್ಲ. ಅಂಡಿಗೆಯೊಳಗೆ ಮೊಣಕೈವರೆಗೆ ಕೈ ಹಾಕಿ ಅಡಿಯಿಂದ ಒಂದು ಹಿಡಿ ಹಿರಿದ. ಎರಡು ಹೆಬ್ಬೆರಳ ನಡುವೆ ಎಳೆ ಜಗ್ಗಿ ಉದ್ದ ನೋಡಿದ, ಬಿಸಿಲಿಗೆ ಹಿಡಿದು ಬಣ್ಣ ನೋಡಿದ. ನಡುವೆ ಹಳದಿ ತಿರುಗಿತ್ತು, ಇಲಿ ಕಡಿದ ಬೀಜದ ಪುಡಿ ಇತ್ತು. ಆ ದಿನ ಒಳ್ಳೆಯ ಮಾಲಿಗೇ ಏಳು ಸಾವಿರದ ಸುತ್ತ ಓಡುತ್ತಿತ್ತು. ನಮ್ಮದಕ್ಕೆ ಅದಕ್ಕಿಂತ ಕಡಿಮೆ ಬಿತ್ತು. ತಿಂಗಳುಗಟ್ಟಲೆ ಒಣಗಿ ತೂಕವೂ ಇಳಿದಿತ್ತು. ಸಾಲ, ಬಡ್ಡಿ, ಹಮಾಲಿ ಕಳೆದು ಬಂದ ಪಟ್ಟಿಯನ್ನು ತಮ್ಮ ಒಮ್ಮೆ ಓದಿದ, ಮಡಚಿ ನನ್ನ ಜೇಬಿನಲ್ಲಿಟ್ಟ. ದಾರಿಯುದ್ದಕ್ಕೂ ಒಂದು ಮಾತು ಆಡಲಿಲ್ಲ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ಬಹಳ ದಿನ ನಾನು ಸರಕಾರವನ್ನು ಬೈದೆ, ವ್ಯಾಪಾರಿಗಳನ್ನು ಬೈದೆ. ಬೈಯಲು ಕಾರಣಗಳೂ ಇದ್ದವು. ರೈತನಿಗೆ ದರದ ಭರವಸೆ ಇಲ್ಲದಿರುವುದು ಸಣ್ಣ ಮಾತಲ್ಲ, ಅದಕ್ಕಾಗಿ ಹೋರಾಡುವವರ ಜೊತೆ ನಾನು ಇಂದಿಗೂ ಇದ್ದೇನೆ. ಆದರೆ ಎಂಟೂವರೆ ಸಾವಿರಕ್ಕೆ ಮಾರಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವ್ವನನ್ನು ಕಟ್ಟೆಗೆ ಕಳಿಸು, ಕೂಲಿಯವಳನ್ನು ಹೊಸ್ತಿಲಲ್ಲಿ ನಿಲ್ಲಿಸು ಎಂದು ಯಾವ ಪೇಟೆಯೂ ಹೇಳಿರಲಿಲ್ಲ.

ನಮ್ಮೂರಿನ ಹೆಸರು ಹೊರಗಿನ ಜನಕ್ಕೆ ಗೊತ್ತಿರುವುದು ಗೋಪಾಲದಾಸರಿಂದ. ಹದಿನೆಂಟನೆಯ ಶತಮಾನದ ಹರಿದಾಸರು, ಹುಟ್ಟಿದ್ದು ಇಲ್ಲೇ, ಹೆಸರು ಭಾಗಣ್ಣ. ತಂದೆ ತೀರಿದ ಮೇಲೆ ದಾಯಾದಿಗಳು ಹೊಲಮನೆ ಕಸಿದುಕೊಂಡರೆಂದೂ, ತಾಯಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಳೆಂದೂ, ಹುಡುಗ ಹನುಮಪ್ಪನ ಗುಡಿಯಲ್ಲಿ ಜಪಕ್ಕೆ ಕೂತು ಮುಂದಾಗುವುದನ್ನು ಹೇಳುವ ಶಕ್ತಿ ಪಡೆದನೆಂದೂ ಕಥೆ. ಭವಿಷ್ಯ ಕೇಳಲು ಜನ ದೂರದೂರದಿಂದ ಬರುತ್ತಿದ್ದರಂತೆ. ಮುಂದೆ ಚೀಕಲಪರ್ವಿಯ ವಿಜಯದಾಸರು ಅವರಿಗೆ ಗುರುವಾದರು, ಭಾಗಣ್ಣ ಗೋಪಾಲದಾಸರಾದರು. ಆಗಲೇ ನಡೆದದ್ದು ಬ್ಯಾಗವಾಟದ ಪಂಡಿತರ ಪ್ರಸಂಗ. ಮಾನವಿಯಲ್ಲಿ ವಿಜಯದಾಸರು ಊಟಕ್ಕೆ ಕರೆದರೆ, ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಗೆ ಹೋಗಲು ಮನಸ್ಸಿಲ್ಲದೆ ಹೊಟ್ಟೆನೋವೆಂದು ಸುಳ್ಳು ಹೇಳಿದ ಪಂಡಿತರು ಅವರು. ಆ ನೋವು ನಿಜವಾಗಿ ಬಂದು ಜೀವಕ್ಕೇ ಕುತ್ತಾಯಿತು. ಗುರುಗಳ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಅವರಿಗೆ ಧಾರೆಯೆರೆದರು. ಬದುಕಿದ ಆ ಪಂಡಿತರೇ ಜಗನ್ನಾಥದಾಸರು, ಹರಿಕಥಾಮೃತಸಾರ ಬರೆದವರು.

ಈ ಕಥೆಯನ್ನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೆನೋ. ನಮ್ಮೂರವರು ಎಂಬ ಹೆಮ್ಮೆಯಿಂದ ಬೇರೆ ಊರಿನವರ ಮುಂದೆ ಹೇಳಿಯೂ ಇದ್ದೆ. ಆ ಜೂನಿನ ನಂತರ ಒಂದು ದಿನ ಭಜನೆಯಲ್ಲಿ ಮತ್ತೆ ಕೇಳಿದಾಗ ಮಾತ್ರ ಅದು ನನ್ನನ್ನು ಕುರಿತು ಮಾತಾಡಿತು. ಆಯುಷ್ಯವನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬಹುದೋ ಇಲ್ಲವೋ, ಆ ವಾದಕ್ಕೆ ನಾನು ಹೋಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ನಾಳೆಯನ್ನು ಹೇಳಬಲ್ಲೆನೆಂದು ಹೆಸರಾದ ಮನುಷ್ಯ ಕೊಡುವ ಗಳಿಗೆ ಬಂದಾಗ ನಾಳೆಯ ಲೆಕ್ಕ ಹಾಕಲಿಲ್ಲ. ತನಗೆ ಎಷ್ಟು ಉಳಿಯುತ್ತದೆ, ಕೊಟ್ಟದ್ದಕ್ಕೆ ತಕ್ಕುದು ಆಗುತ್ತದೋ ಇಲ್ಲವೋ ಎಂದು ಕೇಳಲಿಲ್ಲ. ಭಾಗಣ್ಣನ ಗುಡಿಯ ಮುಂದೆ ಭವಿಷ್ಯ ಕೇಳಲು ಸಾಲಾಗಿ ನಿಂತ ಜನರಲ್ಲಿ ನಾನೂ ಒಬ್ಬ. ನನ್ನ ಗುಡಿ ಮೊಬೈಲು. ನನ್ನ ಎದುರಿಗೇ ನಿಂತವಳಿಗೆ ಅವಳದೇ ದುಡ್ಡು ಕೊಡಲು ನಾನು ಮುಂದಿನ ತಿಂಗಳ ದರ ತಿಳಿಯಲೆಂದು ಕಾಯುತ್ತಿದ್ದೆ.

ಆಸೆ ತಪ್ಪೆಂದು ನಾನು ಹೇಳಲಾರೆ. ಆಸೆ ಇಲ್ಲದಿದ್ದರೆ ಯಾರೂ ಬಿತ್ತುವುದಿಲ್ಲ. ನನ್ನನ್ನು ಕೆಡಿಸಿದ್ದು ಒಂದು ವರ್ಷದ ಪಾಠವನ್ನು ಇನ್ನೊಂದು ವರ್ಷದ ಮೇಲೆ ಹೇರಿದ ಹಟ. ಒಮ್ಮೆ ಬೇಗ ಮಾರಿ ಹೆಚ್ಚಿನದು ತಪ್ಪಿತು, ಆದ್ದರಿಂದ ಇನ್ನು ಮೇಲೆ ತಡವಾಗಿ ಮಾರಬೇಕು ಎಂಬ ಗಟ್ಟಿ ನಂಬಿಕೆ. ನಾನು ಅಂಟಿಕೊಂಡದ್ದು ಹತ್ತಿಗೂ ಅಲ್ಲ, ದುಡ್ಡಿಗೂ ಪೂರ್ತಿ ಅಲ್ಲ. ಹಿಂದಿನ ವರ್ಷ ತಪ್ಪಿಹೋದ ಮೊತ್ತವನ್ನು ವಾಪಸು ತಂದು, ನಾನು ದಡ್ಡನಲ್ಲ ಎಂದು ಚಹಾದಂಗಡಿಯ ಮುಂದೆ ತೋರಿಸಬೇಕಿತ್ತು. ಹಾಗೆ ಗೆಲ್ಲಬೇಕೆಂದು ಹೊರಟವನಿಗೆ ಎಂಟೂವರೆ ಸಾವಿರ ಕಣ್ಣ ಮುಂದಿದ್ದರೂ ಕಾಣಲಿಲ್ಲ.

ಅನಿಶ್ಚಿತತೆಯೊಳಗೆ ಹೇಗೆ ಬಾಳಬೇಕೆಂಬುದನ್ನು ನಾನು ನೋಡಿದ್ದು ಮಾನವಿ ಕಡೆಯ ನಮ್ಮ ಸೋದರಮಾವನಲ್ಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ, ಎಡದಂಡೆ ಕಾಲುವೆಯುದ್ದಕ್ಕೂ ಭತ್ತ ನಾಟಿಯಾದ ಗದ್ದೆಗಳು, ಕಣ್ಣೆದುರೇ ನದಿಗೆ ಹೋಗುತ್ತಿರುವ ನೀರು. ಫೋನ್ ಮಾಡಿದೆ. ಮಾವ ಗದ್ದೆಯಲ್ಲಿ ಕಳೆ ತೆಗೆಸುತ್ತಿದ್ದರು. "ಗೇಟ್ ಕೂಡ್ಸೂದು ಅವರ ಕೆಲಸ, ಕಳಿ ತೆಗಿಯೂದು ನಂದು. ನೀರು ಬಂದ್ರ ಬೆಳಿ, ಬರ್ಲಿಲ್ಲಂದ್ರ ಜೋಳ ಬಿತ್ತೂನು" ಅಂದರು. ಅವರ ದನಿಯಲ್ಲಿ ಅಂಜಿಕೆ ಇತ್ತು, ಅದನ್ನು ಮುಚ್ಚಲಿಲ್ಲ. ಅಂಜಿಕೆ ಇಟ್ಟುಕೊಂಡೇ ಆ ದಿನದ ಕೆಲಸ ಮಾಡುತ್ತಿದ್ದರು, ಕೂಲಿ ಅದೇ ಸಂಜೆ ಕೊಟ್ಟರು. ಹರಿಯುವ ನೀರಿನಲ್ಲೇ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು, ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಆದರೆ ಮಾವ ಆ ಮಾತು ಹೇಳಿದ ದಿನ ಇದಾವುದೂ ಗೊತ್ತಿರಲಿಲ್ಲ. ತುಂಬದೆ ಹೋಗಿದ್ದರೂ ಅವರು ಮಾಡಿದ್ದು ಸರಿಯಾಗಿಯೇ ಇರುತ್ತಿತ್ತು.

ಈಗ ನಮ್ಮ ಮನೆಯ ಲೆಕ್ಕದ ಪುಸ್ತಕ ತಮ್ಮನ ಕೈಯಲ್ಲಿದೆ. ಹೊಲದ ಒಂದು ಪಾಲಿಗೆ ತೊಗರಿ ಬಂದಿದೆ. ಮೊದಲ ಬಿಡಿಸಾಟದ ಹತ್ತಿ ಆ ದಿನದ ದರ ಎಷ್ಟಿದ್ದರೆ ಅಷ್ಟಕ್ಕೆ ಹೋಗುತ್ತದೆ. ಕೂಲಿ, ಅಂಗಡಿ ಸಾಲ ಅದರಿಂದಲೇ ಮುಗಿಯುತ್ತದೆ. ಆಮೇಲಿನದರಲ್ಲಿ ಒಂದಿಷ್ಟು ಇಟ್ಟುಕೊಳ್ಳುತ್ತೇವೆ, ಆದರೆ ಯಾವ ತಿಂಗಳಿಗೆ ಮಾರಬೇಕೆಂದು ಇಡುವ ದಿನವೇ ಇಬ್ಬರೂ ಮಾತಾಡಿಕೊಳ್ಳುತ್ತೇವೆ. ಆ ತಿಂಗಳು ಬಂದರೆ ದರ ಮೇಲಿರಲಿ ಕೆಳಗಿರಲಿ, ಟೆಂಪೊ ಬರುತ್ತದೆ. ಮಾರಿದ ಮೇಲೆ ದರ ಏರಿದ್ದೂ ಉಂಟು. ಹೊಟ್ಟೆಯಲ್ಲಿ ಒಂದು ಸಂಕಟ ಆಗುತ್ತದೆ, ಸುಳ್ಳು ಹೇಳಲಾರೆ. ಮೊಬೈಲಿಗೆ ಕೈ ಹೋಗುವ ಚಾಳಿಯೂ ಪೂರ್ತಿ ಬಿಟ್ಟಿಲ್ಲ. ಆದರೆ ಆ ಸಂಕಟ ನನ್ನೊಬ್ಬನದು, ನನ್ನಲ್ಲೇ ಹುಟ್ಟಿ ನನ್ನಲ್ಲೇ ಆರುತ್ತದೆ. ಅದಕ್ಕಾಗಿ ಇನ್ನೊಬ್ಬರು ಬಾಗಿಲಲ್ಲಿ ನಿಲ್ಲುವುದಿಲ್ಲ.

ಬಿಟ್ಟುಕೊಡುವುದೆಂದರೆ ಹೊಲಮನೆ ತೊರೆದು ಹೋಗುವುದು ಎಂದು ನಾನು ಮೊದಲು ತಿಳಿದಿದ್ದೆ, ಸಂಸಾರಸ್ಥನಿಗೆ ಅದು ಆಗದ ಮಾತು ಎಂದು ಬದಿಗಿಟ್ಟಿದ್ದೆ. ಈಗ ಅದು ನನಗೆ ದಿನದ ಕೆಲಸವಾಗಿ ಕಾಣುತ್ತದೆ. ನಾಳೆ ಏನಾಗುತ್ತದೋ ಗೊತ್ತಿಲ್ಲ, ಆದರೆ ಇಂದು ಯಾರಿಗೆ ಏನು ಕೊಡಬೇಕು ಎಂಬುದು ಬಹುಮಟ್ಟಿಗೆ ಗೊತ್ತಿರುತ್ತದೆ. ಗೊತ್ತಿರುವುದನ್ನು ಮೊದಲು ಮುಗಿಸಿದರೆ ಗೊತ್ತಿಲ್ಲದ್ದರ ಭಯ ಅರ್ಧ ಇಳಿಯುತ್ತದೆ. ಒಳ್ಳೆಯ ದರಕ್ಕೆ ಕಾಯುವ ಹಕ್ಕು ಪ್ರತಿಯೊಬ್ಬ ರೈತನಿಗೂ ಇದೆ, ನನಗೂ ಇದೆ. ಇನ್ನೊಬ್ಬರ ಕೂಲಿಯ ಮೇಲೆ, ತಮ್ಮನ ಮಗಳ ಫೀಸಿನ ಮೇಲೆ, ಅವ್ವನ ನಿದ್ದೆಯ ಮೇಲೆ ಕೂತು ಕಾಯುವ ಹಕ್ಕು ಮಾತ್ರ ನನಗೆ ಎಂದೂ ಇರಲಿಲ್ಲ.